1/35 ವಿಜಯಂತ: ಪ್ರಿಂಟ್‌ಗೆ ಹಾಕೋ ಮೊದಲು ತಪ್ಪು ಹುಡುಕಿಕೊಡಿ

ಬಸವನಗುಡಿ 35:
ಎಲ್ಲರಿಗೂ ನಮಸ್ಕಾರ. ಕೆಲವರಿಗೆ ಗೊತ್ತಿರೋ ಹಾಗೆ ಎಂಟು ತಿಂಗಳಿಂದ ರಾತ್ರಿ ಹೊತ್ತು ಕೂತು ವಿಜಯಂತ ಟ್ಯಾಂಕ್‌ನ ಡಿಜಿಟಲ್ ಡ್ರಾಯಿಂಗ್ ಮಾಡ್ತಿದ್ದೇನೆ. ಅಳತೆ 1/35, ಅಂದ್ರೆ ನಿಜವಾದ ಟ್ಯಾಂಕ್‌ನ 35ರಲ್ಲಿ ಒಂದು ಪಾಲು. ರೆಸಿನ್‌ನಲ್ಲಿ 3ಡಿ ಪ್ರಿಂಟ್ ಮಾಡಿ, ನಮ್ಮ ಗುಂಪಿನಲ್ಲಿ ಬೇಕಾದವರಿಗೆ ಕಿಟ್ ಆಗಿ ಕೊಡೋ ಆಸೆ. ಬ್ರಿಟನ್ನಿನ ಸೆಂಚೂರಿಯನ್ ಟ್ಯಾಂಕ್ ಬೇಕಂದ್ರೆ ಎಎಫ್‌ವಿ ಕ್ಲಬ್ ಕಂಪನಿಯ ಕಿಟ್ ಇದೆ. ಅವರದೇ ಚೀಫ್ಟನ್ ಬೇಕಂದ್ರೆ ತಮಿಯಾ, ಮೆಂಗ್, ಟಾಕೊಮ್ ಕಿಟ್‌ಗಳಿವೆ. ಚೆನ್ನೈ ಹತ್ತಿರದ ಆವಡಿಯಲ್ಲಿ ತಯಾರಾಗಿ ನಮ್ಮ ಸೈನ್ಯದಲ್ಲಿ ಅಷ್ಟು ವರ್ಷ ಓಡಿದ ಟ್ಯಾಂಕ್ ಬೇಕು ಅಂದ್ರೆ ಎಲ್ಲಿಗೆ ಹೋಗೋದು?

ಆರು ಚಿತ್ರ ಹಾಕಿದ್ದೇನೆ. ಮುಂದೆ, ಹಿಂದೆ, ಎರಡೂ ಬದಿ, ಮೇಲಿಂದ, ಮತ್ತೆ ಟರೆಟ್ (ಗನ್ ಇರೋ, ಸುತ್ತ ತಿರುಗೋ ಮೇಲ್ಭಾಗ) ಹತ್ತಿರದಿಂದ. ಮುಂದಿನ ತಿಂಗಳು ಮೊದಲ ಪೂರ್ತಿ ಪ್ರಿಂಟ್ ತೆಗೆಯಬೇಕು ಅಂತಿದ್ದೇನೆ. ಅದಕ್ಕೆ ಮುಂಚೆ ನೀವೆಲ್ಲ ನೋಡಿ, ಎಲ್ಲಿ ತಪ್ಪಿದೆ ಹೇಳಿ. ಮುಲಾಜು ಬೇಡ. ಈಗ ಹೇಳಿದರೆ ಒಂದು ಗಂಟೆ ಕೆಲಸ. ಪ್ರಿಂಟ್ ಆದಮೇಲೆ ಹೇಳಿದರೆ ಒಂದು ಬಾಟಲಿ ರೆಸಿನ್ ಹೋಯ್ತು.

ರನ್ನರ್ ಕತ್ತರಿ:
ವಾವ್. ನನಗೊಂದು ಎತ್ತಿಡಿ.

ಯಲಹಂಕ 72:
ತುಂಬಾ ಚೆನ್ನಾಗಿದೆ. ಒಂದು ಬೇಡಿಕೆ: ಇದೇ ಫೈಲನ್ನು ಚಿಕ್ಕದು ಮಾಡಿ 1/72ರಲ್ಲೂ ಕೊಡಬಹುದಾ? ನಮ್ಮ ಮನೆಯಲ್ಲಿ ಶೋಕೇಸ್ ಒಂದೇ ಇರೋದು, ಅದರಲ್ಲೂ ಅರ್ಧ ದೇವರ ಫೋಟೋ.

ಬಸವನಗುಡಿ 35:
ಸುಮ್ನೆ ಕುಗ್ಗಿಸಿದರೆ ಆಗಲ್ಲ. 35ರಿಂದ 72ಕ್ಕೆ ಹೋದರೆ ಎಲ್ಲಾ ಅಳತೆ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಆಗುತ್ತೆ. ಈಗ 0.4 ಮಿ.ಮೀ. ದಪ್ಪ ಇರೋ ಕೈಹಿಡಿ ಅಲ್ಲಿ 0.2ಕ್ಕೆ ಬರುತ್ತೆ. ಪ್ರಿಂಟ್ ಆಗುವಾಗ ಆಸರೆಗೆ ಬರೋ ಸಪೋರ್ಟ್ ಕಡ್ಡಿ ಕತ್ತರಿಸುವಾಗಲೇ ಮುರಿದು ಹೋಗುತ್ತೆ. 1/72ಕ್ಕೆ ಸಣ್ಣ ಭಾಗಗಳನ್ನು ಬೇರೆಯಾಗಿ ದಪ್ಪ ಮಾಡಬೇಕು. ಮೊದಲು 35 ಮುಗಿಯಲಿ, ಆಮೇಲೆ ನಿಮ್ಮದು. ಮರೆಯಲ್ಲ.

ಮಲ್ಲೇಶ್ವರಂ ಬ್ರಷ್:
ಮೊದಲು ಒಂದು ಮಾತು ಹೇಳಿಬಿಡ್ತೇನೆ. ಕೆಲಸ ಬಹಳ ಚೊಕ್ಕವಾಗಿದೆ ಕಣಪ್ಪ. ಬೆಸುಗೆ ಗೆರೆ, ಬೋಲ್ಟು, ಎಂಜಿನ್ ಮೇಲಿನ ಜಾಲರಿ, ಎಲ್ಲ ನೋಡ್ತಾ ಕೂತರೆ ಕಾಫಿ ಆರಿಹೋಯ್ತು. ಆದರೆ ಟರೆಟ್‌ನ ಮೂಗು ನನಗೆ ಒಪ್ಪಿಗೆ ಆಗ್ತಿಲ್ಲ.

ನೀನು ಮುಂಭಾಗವನ್ನು ದುಂಡಗೆ ಮಾಡಿದ್ದೀಯ, ಎರಕ ಹೊಯ್ದ ಹಾಗೆ. ಅದು ಬ್ರಿಟನ್ನಿನ ವಿಕರ್ಸ್ ಕಂಪನಿಯ ಮಾರ್ಕ್ 3 ಟ್ಯಾಂಕ್‌ನ ಟರೆಟ್. ನಮ್ಮ ವಿಜಯಂತದ ಮೂಲ ವಿಕರ್ಸ್ ಮಾರ್ಕ್ 1. ಮಾರ್ಕ್ 1ರ ಟರೆಟ್ ಪೂರ್ತಿ ತಟ್ಟೆಗಳನ್ನು ಬೆಸೆದು ಮಾಡಿದ್ದು. ಮೂಲೆಗಳು ಗಟ್ಟಿಯಾಗಿ ಎದ್ದು ಕಾಣಬೇಕು. ಮಾರ್ಕ್ 3ಕ್ಕೆ ಬಂದಾಗ ಮುಂಭಾಗವನ್ನು ಎರಕದಲ್ಲಿ ಮಾಡಿ ಹಿಂದಿನ ತಟ್ಟೆಗಳಿಗೆ ಬೆಸೆದರು. ಎಂಜಿನ್ನೂ ಬದಲಾಯ್ತು, ಲೇಲ್ಯಾಂಡ್ ಹೋಗಿ ಡೆಟ್ರಾಯಿಟ್ ಡೀಸೆಲ್ ಬಂತು. ಆ ಟ್ಯಾಂಕ್ ಹೋಗಿದ್ದು ಕೀನ್ಯಾಗೆ, ನೈಜೀರಿಯಾಗೆ. ನಮಗಲ್ಲ. ನೀನು ಯಾವ ಫೋಟೋ ನೋಡಿ ಮಾಡಿದ್ದು?

ಬಸವನಗುಡಿ 35:
ಸರ್, ಈಗ ಹೋಗಿ ನನ್ನ ಫೋಲ್ಡರ್ ತೆಗೆದು ನೋಡಿದೆ. 'ವಿಕರ್ಸ್ ಟ್ಯಾಂಕ್' ಅಂತ ಹುಡುಕಿ ಇಳಿಸಿಕೊಂಡ ಫೋಟೋ ಹನ್ನೊಂದು ಇವೆ. ಅದರಲ್ಲಿ ನಾಲ್ಕು ಮಾರ್ಕ್ 3. ಟರೆಟ್ ಮೇಲೆ ಕೆಲಸ ಮಾಡುವಾಗ ಆ ನಾಲ್ಕೂ ಸ್ಪಷ್ಟವಾಗಿದ್ದವು ಅಂತ ಅದನ್ನೇ ಜಾಸ್ತಿ ನೋಡಿದ್ದೇನೆ. ನಮ್ಮ ಟ್ಯಾಂಕ್‌ನ ಫೋಟೋಗಳು ಮಸುಕಾಗಿದ್ದವು. ಈಗ ಆ ಮಸುಕು ಫೋಟೋ ದೊಡ್ಡದು ಮಾಡಿ ನೋಡಿದರೆ ಮೂಲೆಯ ಗೆರೆ ಕಾಣ್ತಿದೆ. ಕಣ್ಣೆದುರೇ ಇತ್ತು.

ಟರೆಟ್ ಮತ್ತೆ ಮೊದಲಿಂದ ಮಾಡ್ತೇನೆ. ಬೇರೆ ಏನಾದರೂ?

ಮಲ್ಲೇಶ್ವರಂ ಬ್ರಷ್:
ಇದೆ. ಅಗಲ ಎಷ್ಟು ಇಟ್ಟಿದ್ದೀಯ, ಎಲ್ಲಿಂದ ಎಲ್ಲಿಗೆ?

ಬಸವನಗುಡಿ 35:
ಪುಸ್ತಕದಲ್ಲಿ 3.168 ಮೀಟರ್ ಅಂತ ಇದೆ ಸರ್. 35ರಿಂದ ಭಾಗಿಸಿದರೆ 90.5 ಮಿ.ಮೀ. ಎಡಗಡೆ ಟ್ರ್ಯಾಕ್‌ನ ಹೊರ ಅಂಚಿನಿಂದ ಬಲಗಡೆ ಟ್ರ್ಯಾಕ್‌ನ ಹೊರ ಅಂಚಿಗೆ ಅಷ್ಟು ಬರೋ ಹಾಗೆ ಇಟ್ಟಿದ್ದೇನೆ.

ಮಲ್ಲೇಶ್ವರಂ ಬ್ರಷ್:
ಅಲ್ಲೇ ಇರೋದು. ಅದು ಒಟ್ಟು ಅಗಲ. ಟ್ರ್ಯಾಕ್‌ನಿಂದ ಆಚೆ ಚಾಚಿಕೊಂಡಿರೋದೆಲ್ಲ ಸೇರಿ. ನೀನು ಟ್ರ್ಯಾಕ್ ಅಂಚಿಗೇ 90.5 ಕೊಟ್ಟು, ಅದರ ಆಚೆ ಮತ್ತೆ ಫೆಂಡರ್ (ಟ್ರ್ಯಾಕ್ ಮೇಲಿನ ಮಡ್‌ಗಾರ್ಡ್) ಹೊರಗೆ ತಂದಿದ್ದೀಯ. ಮುಂದಿನಿಂದ ನೋಡಿದಾಗ ಟ್ಯಾಂಕ್ ಯಾಕೋ ಕಾಲು ಅಗಲಿಸಿ ನಿಂತ ಹಾಗೆ ಕಾಣ್ತಿತ್ತು, ಕಾರಣ ಇದೇ. ನಮ್ಮ ಅಳತೆಯಲ್ಲಿ 1 ಮಿ.ಮೀ. ತಪ್ಪು ಅಂದ್ರೆ ನಿಜದಲ್ಲಿ 35 ಮಿ.ಮೀ. ಎರಡೂ ಕಡೆ ಎರಡೆರಡು ಮಿ.ಮೀ. ಹೋದರೆ 14 ಸೆಂ.ಮೀ., ಅರ್ಧ ಗೇಣಿಗಿಂತ ಜಾಸ್ತಿ ಬರುತ್ತೆ.

ಉದ್ದದ ವಿಷಯದಲ್ಲೂ ಹುಷಾರು. ಪುಸ್ತಕಗಳಲ್ಲಿ ಉದ್ದ ಅಂತ ಕೊಡೋದು ಬಹಳ ಸಲ ಗನ್ ಮುಂದೆ ಚಾಚಿದಾಗಿನ ಉದ್ದ. ಅದರಿಂದ ಹಲ್‌ನ, ಅಂದ್ರೆ ಟರೆಟ್ ಕೆಳಗಿನ ಟ್ಯಾಂಕ್ ಮೈಯ ಉದ್ದ ಗೊತ್ತಾಗಲ್ಲ. ಹಲ್ ಉದ್ದ ಬೇರೆ, ಗನ್ ಸೇರಿದ ಉದ್ದ ಬೇರೆ. ಎರಡನ್ನೂ ಬೇರೆ ಬೇರೆ ಬರೆದಿಟ್ಟುಕೋ.

ರನ್ನರ್ ಕತ್ತರಿ:
ಬ್ಯಾರೆಲ್ ಬಗ್ಗೆ ನಾನೊಂದು ಹೇಳ್ತೀನಿ. ಇದು 105 ಮಿ.ಮೀ. ಎಲ್7 ಗನ್. 105ನ್ನು 35ರಿಂದ ಭಾಗಿಸಿದರೆ ಸರಿಯಾಗಿ 3 ಮಿ.ಮೀ. ಬಾಯಿಯ ತೂತಿಗೆ 3 ಮಿ.ಮೀ. ಡ್ರಿಲ್ ಬಿಟ್ ಹಾಕಿದರೆ ಮುಗೀತು, ಲೆಕ್ಕವೇ ಬೇಡ. ಈ ಗನ್ 52 ಕ್ಯಾಲಿಬರ್ ಉದ್ದ, ಅಂದ್ರೆ ಬಾಯಿಯ ವ್ಯಾಸದ 52 ಪಟ್ಟು. ನಮ್ಮ ಅಳತೆಯಲ್ಲಿ 156 ಮಿ.ಮೀ. ಅದರಲ್ಲಿ ಹಿಂದಿನ ಸ್ವಲ್ಪ ಭಾಗ ಟರೆಟ್ ಒಳಗೆ ಹೋಗುತ್ತೆ ಅನ್ನೋದು ನೆನಪಿರಲಿ.

ಇನ್ನೊಂದು. ಬ್ಯಾರೆಲ್ ನಡುವೆ ಇರೋ ಆ ಉಬ್ಬಿದ ಡಬ್ಬ ಇದೆಯಲ್ಲ, ಫ್ಯೂಮ್ ಎಕ್ಸ್‌ಟ್ರಾಕ್ಟರ್. ಗುಂಡು ಹೊಡೆದಮೇಲೆ ಹೊಗೆ ಟರೆಟ್ ಒಳಗೆ ಬರದ ಹಾಗೆ ಬಾಯಿ ಕಡೆಗೆ ಎಳೆದು ಹಾಕೋದು ಅದರ ಕೆಲಸ. ಬ್ರಿಟಿಷ್ ಎಲ್7ರಲ್ಲಿ ಅದು ಬ್ಯಾರೆಲ್‌ಗೆ ಸರಿಯಾಗಿ ನಡುಮಧ್ಯ ಕೂತಿರಲ್ಲ. ಒಂದು ಕಡೆಗೆ ವಾಲಿರುತ್ತೆ. ನಿಮ್ಮ ಡ್ರಾಯಿಂಗ್‌ನಲ್ಲಿ ಬಳೆ ಹಾಕಿದ ಹಾಗೆ ಸುತ್ತಲೂ ಒಂದೇ ದಪ್ಪ ಇದೆ. ಅಮೆರಿಕದ ಎಂ60ರ ಬ್ಯಾರೆಲ್ ನೋಡಿ ಮಾಡಿದ್ದೀರಾ?

ಬಸವನಗುಡಿ 35:
ಹೌದು. ಅಂಗಡಿಯಲ್ಲಿ ಸಿಕ್ಕ ಲೋಹದ ಬ್ಯಾರೆಲ್ ಒಂದನ್ನು ವರ್ನಿಯರ್‌ನಲ್ಲಿ ಅಳೆದು ಹಾಕಿದ್ದೆ. ಅದು ಎಂ60ರದ್ದೇ. ಎರಡೂ ಒಂದೇ ಮನೆತನದ ಗನ್ ಅಂತ ಅಂದುಕೊಂಡು ಬಿಟ್ಟಿದ್ದೆ. ಬರ್ಕೊಂಡೆ.

ಹೊಸ ಅಂಟು:
ನಾನು ಈ ಹವ್ಯಾಸಕ್ಕೆ ಹೊಸಬ, ತಪ್ಪು ತಿಳ್ಕೋಬೇಡಿ. ಮೂರು ಕಿಟ್ ಮಾಡಿದ್ದೇನೆ ಅಷ್ಟೇ. ಡಬ್ಬ ಅರ್ಧ ಮಿ.ಮೀ. ವಾಲಿದೆಯೋ ಇಲ್ಲವೋ ಅಂತ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ಬಣ್ಣ ಬಳಿದು ಇಟ್ಟರೆ ಯಾರಿಗೆ ಗೊತ್ತಾಗುತ್ತೆ? ನಿಜವಾಗಿ ಕೇಳ್ತಿದ್ದೇನೆ.

ಮಲ್ಲೇಶ್ವರಂ ಬ್ರಷ್:
ಕೇಳಿದ್ದು ಒಳ್ಳೇದೇ ಆಯ್ತಪ್ಪ. ಇದಕ್ಕೆ ಒಂದು ಹಳೇ ಕಥೆ ಹೇಳಬೇಕು.

ತುಂಬಾ ವರ್ಷದ ಹಿಂದೆ ನಾನು 1965ರ ಯುದ್ಧದ ಒಂದು ದೃಶ್ಯ ಮಾಡಿದ್ದೆ. ಅಸಲ್ ಉತ್ತರ್. ಕಬ್ಬಿನ ಗದ್ದೆ, ಹೊಲದಲ್ಲಿ ನೀರು ನಿಂತಿದೆ, ಕೆಸರಿನಲ್ಲಿ ಸಿಕ್ಕಿಕೊಂಡ ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್, ಈಚೆ ನಮ್ಮ ಸೆಂಚೂರಿಯನ್. ಕಬ್ಬಿಗೆ ಮನೆಯ ಪೊರಕೆ ಕಡ್ಡಿ ಒಂದೊಂದೇ ಕತ್ತರಿಸಿ ನೆಟ್ಟಿದ್ದೆ. ಆರು ತಿಂಗಳು ಆಗಿತ್ತು. ಬಡಾವಣೆಯ ಒಂದು ಸಣ್ಣ ಪ್ರದರ್ಶನದಲ್ಲಿ ಇಟ್ಟೆ. ಜನ ಬಂದು ನೋಡಿ ಹೊಗಳಿ ಹೋದರು. ಮಧ್ಯಾಹ್ನದ ಹೊತ್ತಿಗೆ ವಯಸ್ಸಾದವರೊಬ್ಬರು ಬಂದರು, ಮೊಮ್ಮಗನ ಕೈ ಹಿಡ್ಕೊಂಡು. ಬಹಳ ಹೊತ್ತು ನಿಂತರು. ಆಮೇಲೆ ಸೆಂಚೂರಿಯನ್‌ನ ಬ್ಯಾರೆಲ್ ಹತ್ತಿರ ಬೆರಳು ತಂದು, ಮುಟ್ಟದೆ, 'ಇದು ನಮ್ಮ ಗನ್ ಅಲ್ಲವಲ್ಲ' ಅಂದರು. ಬೈಯಲಿಲ್ಲ. ಬೇಜಾರಿನ ಧ್ವನಿ.

ಅವರು ಹೇಳಿದ್ದು ನಿಜ. 1965ರಲ್ಲಿ ನಮ್ಮ ಸೆಂಚೂರಿಯನ್‌ಗಳಲ್ಲಿ ಇದ್ದದ್ದು 20 ಪೌಂಡರ್ ಗನ್, ಬಾಯಿ ಸುಮಾರು 84 ಮಿ.ಮೀ. ನಾನು ಹಾಕಿದ್ದು ಕಿಟ್‌ನ ಡಬ್ಬಿಯಲ್ಲಿ ಬಂದ 105 ಮಿ.ಮೀ. ಗನ್. 1/35ರಲ್ಲಿ 2.4 ಮಿ.ಮೀ. ಇರಬೇಕಾದದ್ದು 3 ಮಿ.ಮೀ. ಇತ್ತು. ವ್ಯತ್ಯಾಸ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆ ಗನ್ ಪಕ್ಕ ಕೂತು ಬದುಕಿ ಬಂದ ಮನುಷ್ಯನಿಗೆ ಅದು ನಾಲ್ಕು ಅಡಿ ದೂರದಿಂದ ಕಂಡಿತು. ಮೊಮ್ಮಗನಿಗೆ 'ನಾನು ಇದರಲ್ಲಿ ಇದ್ದೆ' ಅಂತ ತೋರಿಸೋಕೆ ಕರ್ಕೊಂಡು ಬಂದಿದ್ದರು. ನಾನು ಅದನ್ನು ಕೆಡಿಸಿದ್ದೆ. ಆ ರಾತ್ರಿಯೇ ಬ್ಯಾರೆಲ್ ಕತ್ತರಿಸಿದೆ.

ನೀನು ಮನೆಗೆ ಅಂತ ಮಾಡೋದಾದರೆ ಹೇಗಾದರೂ ಮಾಡು, ಖುಷಿ ಮುಖ್ಯ. ಆದರೆ ಈ ಹುಡುಗ ಮಾಡ್ತಿರೋದು ಕಿಟ್. ಇದರಿಂದ ಇಪ್ಪತ್ತು ಜನ ಮಾಡ್ತಾರೆ. ಅವರ ಫೋಟೋ ನೋಡಿ ಇನ್ನೂ ಇಪ್ಪತ್ತು ಜನ ವಿಜಯಂತ ಹೀಗೇ ಇತ್ತು ಅಂದ್ಕೊಳ್ತಾರೆ. ಟೈಗರ್ ಟ್ಯಾಂಕ್‌ಗೆ ಐವತ್ತು ಕಿಟ್ ಇವೆ. ಒಂದು ತಪ್ಪಾದರೆ ಇನ್ನೊಂದು ಸರಿ ಮಾಡುತ್ತೆ. ನಮ್ಮದಕ್ಕೆ ಆ ಅನುಕೂಲ ಇಲ್ಲ.

ಹೊಸ ಅಂಟು:
ಅರ್ಥ ಆಯ್ತು ಸರ್. ಥ್ಯಾಂಕ್ಸ್.

ಹಾಗಾದರೆ ಇನ್ನೊಂದು ಕೇಳಿಬಿಡ್ತೇನೆ. ಈ ಕಿಟ್ ಬಂದಮೇಲೆ ಅದಕ್ಕೆ 'ಫಾಮಗುಸ್ಟಾ' ಅಂತ ಹೆಸರು ಬರೆದು 1971ರ ಯುದ್ಧದ ವೀರ ಅರುಣ್ ಖೇತ್ರಪಾಲ್ ಅವರ ಟ್ಯಾಂಕ್ ಮಾಡಬೇಕು ಅಂತ ಆಸೆ ಇತ್ತು. ಸರಿಯಾಗುತ್ತಾ?

ರನ್ನರ್ ಕತ್ತರಿ:
ಆಗಲ್ಲ. ಫಾಮಗುಸ್ಟಾ ಸೆಂಚೂರಿಯನ್. 1971ರ ಡಿಸೆಂಬರ್ 16, ಬಸಂತರ್ ಕದನ, 17 ಪೂನಾ ಹಾರ್ಸ್ ರೆಜಿಮೆಂಟ್. 1971ರ ಯುದ್ಧದಲ್ಲಿ ವಿಜಯಂತಗಳೂ ಇದ್ದವು, ಆದರೆ ಆ ರೆಜಿಮೆಂಟ್ ಹತ್ತಿರ ಇದ್ದದ್ದು ಸೆಂಚೂರಿಯನ್. ಅದನ್ನು ಮಾಡೋ ಆಸೆ ಇದ್ದರೆ ಸೆಂಚೂರಿಯನ್ ಕಿಟ್ ತಗೊಳ್ಳಿ, ನಾವೆಲ್ಲ ಜೊತೆಗಿರ್ತೀವಿ.

ಇಎಂಇ ಮಗಳು:
ನಮಸ್ಕಾರ. ನಾನು ಇಲ್ಲಿ ಓದೋದೇ ಜಾಸ್ತಿ, ಬರೆಯೋದು ಕಮ್ಮಿ. ನಮ್ಮಪ್ಪ ಸೈನ್ಯದ ರಿಪೇರಿ ವಿಭಾಗ ಇಎಂಇಯಲ್ಲಿ ಇದ್ದವರು. ವಿಜಯಂತ ರಿಪೇರಿ ಮಾಡಿದ ಕೈ. ಈಗ ಎಪ್ಪತ್ತು ದಾಟಿದೆ. ನಿನ್ನೆ ರಾತ್ರಿ ಊಟ ಆದಮೇಲೆ ನಿಮ್ಮ ಚಿತ್ರಗಳನ್ನು ಟಿವಿಯಲ್ಲಿ ದೊಡ್ಡದು ಮಾಡಿ ತೋರಿಸಿದೆ. ಅಪ್ಪ ಕನ್ನಡಕ ಬದಲಾಯಿಸಿಕೊಂಡು ಬಂದು ಕೂತರು, ಒಂದೂವರೆ ಗಂಟೆ ಏಳಲಿಲ್ಲ. ಹೇಳಿದ್ದನ್ನು ಹಾಗೇ ಬರೀತಿದ್ದೇನೆ ಅಣ್ಣ.

ಡ್ರೈವರ್‌ನ ಮುಚ್ಚಳ ಎಡಗಡೆ ಯಾಕಿದೆ ಅಂತ ಕೇಳಿದರು. ಡ್ರೈವರ್ ಕೂರೋದು ಬಲಗಡೆ. ಅವನ ಎಡಕ್ಕೆ ಮದ್ದುಗುಂಡು ಇಡೋ ಜಾಗ. ಟರೆಟ್‌ನಲ್ಲೂ ಕಮಾಂಡರ್, ಗನ್ನರ್ ಬಲಗಡೆ, ಲೋಡರ್ ಎಡಗಡೆ.

ಚಕ್ರಗಳ ಬಗ್ಗೆ: ಒಂದೊಂದು ಬದಿಗೆ ಆರು ಚಕ್ರ ಸರಿ. ಆದರೆ ನೀವು ಎರಡೆರಡು ಚಕ್ರ ಜೋಡಿ ಮಾಡಿ ನಡುವೆ ಸ್ಪ್ರಿಂಗ್ ಪೆಟ್ಟಿಗೆ ಕೊಟ್ಟಿದ್ದೀರಂತೆ. ಅದು ಸೆಂಚೂರಿಯನ್, ಚೀಫ್ಟನ್ ಪದ್ಧತಿ. ವಿಜಯಂತದಲ್ಲಿ ಟಾರ್ಷನ್ ಬಾರ್, ಅಂದ್ರೆ ತಿರುಚಿಕೊಂಡು ಸ್ಪ್ರಿಂಗ್ ಥರ ಕೆಲಸ ಮಾಡೋ ಉದ್ದ ಸರಳು. ಒಂದೊಂದು ಚಕ್ರಕ್ಕೂ ತನ್ನದೇ ತೋಳು. ಜೊತೆಗೆ ಟ್ರ್ಯಾಕ್ ಮೇಲ್ಭಾಗ ಹೊರೋ ಸಣ್ಣ ರೋಲರ್ ಮೂರು ಇರಬೇಕು, ನಿಮ್ಮಲ್ಲಿ ಎರಡು ಇದೆ ಅಂದರು.

ಎಂಜಿನ್ ಮೇಲಿನ ಭಾಗ ನೋಡಿ ಮಾತ್ರ ಖುಷಿಪಟ್ಟರು. ಬಣ್ಣ ಬಳಿಯೋವಾಗ ಅಲ್ಲಿ ಎಣ್ಣೆ ಕಲೆ ಹಾಕೋದು ಮರೀಬೇಡಿ ಅಂತ ಹೇಳಿದ್ದಾರೆ. ಎಲ್60 ಎಂಜಿನ್, ಆರು ಸಿಲಿಂಡರ್, ಒಂದೊಂದರಲ್ಲೂ ಎದುರುಬದುರು ಎರಡು ಪಿಸ್ಟನ್. ಎಣ್ಣೆ ಸೋರದ ಎಲ್60 ನೋಡಿಲ್ಲ ಅಂತಾರೆ. ಎಣ್ಣೆ ಮೇಲೆ ಧೂಳು ಕೂತು ಕಪ್ಪು ಅಂಟಿನ ಹಾಗೆ ಆಗ್ತಿತ್ತಂತೆ, ಅದನ್ನು ಕೆರೆದು ತೆಗೆಯೋದೇ ಒಂದು ಕೆಲಸ.

ಬಸವನಗುಡಿ 35:
ಅಕ್ಕ, ಅಪ್ಪ ಅವರಿಗೆ ನನ್ನ ನಮಸ್ಕಾರ ಹೇಳಿ. ಓದ್ತಾ ಓದ್ತಾ ಕಣ್ಣು ತುಂಬಿ ಬಂತು.

ಮುಚ್ಚಳದ ವಿಷಯ ಹೇಗಾಯ್ತು ಅಂತ ಹುಡುಕಿದೆ. ಹಳೇ ಪತ್ರಿಕೆಯಿಂದ ಸ್ಕ್ಯಾನ್ ಮಾಡಿದ ಒಂದು ಫೋಟೋ ಇತ್ತು. ಅದರಲ್ಲಿ ಮುಚ್ಚಳ ಎಡಗಡೆ ಕಾಣುತ್ತೆ. ಬೇರೆ ಫೋಟೋಗಳಲ್ಲಿ ಬಲಗಡೆ. ಎರಡು ಥರ ಇತ್ತೇನೋ ಅಂದ್ಕೊಂಡಿದ್ದೆ. ಈಗ ಆ ಫೋಟೋದಲ್ಲಿ ಹಿಂದೆ ನಿಂತಿರೋ ಲಾರಿಯ ನಂಬರ್ ನೋಡಿದರೆ ಅಂಕಿಗಳು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿವೆ. ಫೋಟೋವೇ ಉಲ್ಟಾ ಅಚ್ಚಾಗಿದೆ.

ಚಕ್ರದ್ದು ನನ್ನ ಸೋಮಾರಿತನ ಅಂತಲೇ ಒಪ್ಪಿಕೊಳ್ತೇನೆ. ನನ್ನ ಹತ್ತಿರ ಚೀಫ್ಟನ್ ಕಿಟ್ ಇತ್ತು. ಎಂಜಿನ್ ಒಂದೇ ಮನೆಯದು, ಗೇರ್‌ಬಾಕ್ಸೂ ಒಂದೇ ಮನೆಯದು, ಕೆಳಗೂ ಹಾಗೇ ಇರುತ್ತೆ ಅಂತ ಊಹೆ ಮಾಡಿದೆ.

ಮಲ್ಲೇಶ್ವರಂ ಬ್ರಷ್:
ಅಳೆಯುವಾಗ ಎಡಬದಿ ಬಲಬದಿ ಎರಡನ್ನೂ ಬೇರೆ ಬೇರೆ ಅಳೀಬೇಕು. ಟಾರ್ಷನ್ ಬಾರ್‌ಗಳು ಹಲ್‌ನ ಅಡ್ಡಕ್ಕೆ ಒಂದರ ಪಕ್ಕ ಒಂದು ಹೋಗೋ ಟ್ಯಾಂಕ್‌ಗಳಲ್ಲಿ ಒಂದು ಬದಿಯ ಚಕ್ರಗಳು ಇನ್ನೊಂದು ಬದಿಗಿಂತ ಸ್ವಲ್ಪ ಹಿಂದೆ ಮುಂದೆ ಇರ್ತವೆ. ಒಂದು ಬದಿ ಮಾಡಿ ಕನ್ನಡಿ ಹಿಡಿದ ಹಾಗೆ ಇನ್ನೊಂದು ಬದಿಗೆ ನಕಲು ಮಾಡಬೇಡ.

ಅಂದ ಹಾಗೆ ಅಕ್ಕ, ನಿಮ್ಮ ತಂದೆಯವರಿಗೆ ಗನ್ ಪಕ್ಕದ ತೂತುಗಳ ಬಗ್ಗೆ ಕೇಳ್ತೀರಾ?

ಇಎಂಇ ಮಗಳು:
ಕೇಳಿದೆ ಸರ್. ದೊಡ್ಡ ಗನ್ ಜೊತೆಗೆ ಎರಡು ಮೆಷಿನ್‌ಗನ್. ಒಂದು 7.62, ಮಾಮೂಲು. ಇನ್ನೊಂದು 12.7, ಅದು ದೂರ ಅಳೆಯೋಕೆ. ಮೊದಲು ಅದರಿಂದ ಹೊಡೆದು, ಗುಂಡು ಎಲ್ಲಿ ಬಿತ್ತು ಅಂತ ನೋಡಿ, ಆಮೇಲೆ ದೊಡ್ಡ ಗನ್ ಹೊಡೀತಿದ್ದರಂತೆ. ಲೇಸರ್ ಬರೋದಕ್ಕೆ ಮುಂಚಿನ ಕಾಲ.

ರನ್ನರ್ ಕತ್ತರಿ:
12.7 ಅಂದ್ರೆ ನಮ್ಮಲ್ಲಿ 0.36 ಮಿ.ಮೀ. ಪ್ರಿಂಟ್‌ನಲ್ಲಿ ತೂತು ತೆಗೆಯೋಕೆ ಹೋಗಬೇಡಿ, ರೆಸಿನ್ ತುಂಬಿಕೊಳ್ಳುತ್ತೆ. ಸೂಜಿಯಿಂದ ಗುರುತು ಮಾಡಿಡಿ, ಕೈ ಡ್ರಿಲ್‌ನಲ್ಲಿ ನಾವೇ ಕೊರೆದುಕೊಳ್ತೀವಿ. ಎಸ್.ಪಿ. ರಸ್ತೆಯಲ್ಲಿ ಸರ್ಕ್ಯೂಟ್ ಬೋರ್ಡ್ ಕೊರೆಯೋ ಸಣ್ಣ ಬಿಟ್‌ಗಳು ಸಿಗ್ತವೆ, 0.3ರಿಂದಲೇ.

ಮಳೆಗಾಲದಲ್ಲಿ ಪ್ರಿಂಟ್ ಮಾಡೋದಾದರೆ ರೆಸಿನ್ ಬಾಟಲಿಯನ್ನು ಬಿಸಿನೀರಿನ ಬಕೆಟ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆಯಿರಿ. ಬೆಂಗಳೂರಿನ ಚಳಿಗೆ ಗಟ್ಟಿಯಾಗಿ ಕೂತಿರುತ್ತೆ. ಕಳೆದ ವರ್ಷ ನನ್ನ ಮೂರು ಪ್ರಿಂಟ್ ಹಾಳಾಗಿದ್ದು ಅದಕ್ಕೇ.

ಯಲಹಂಕ 72:
ಬಣ್ಣ ಯಾವುದು ಅಂತ ಯಾರೂ ಹೇಳಲಿಲ್ಲ.

ಮಲ್ಲೇಶ್ವರಂ ಬ್ರಷ್:
ಬಣ್ಣಗಳ ಭಾರತೀಯ ಮಾನಕ ಐಎಸ್ 5. ಅದರಲ್ಲಿ 220ನೇ ನಂಬರ್ ಆಲಿವ್ ಗ್ರೀನ್. ಪೇಂಟ್ ಅಂಗಡಿಯಲ್ಲಿ ಶೇಡ್ ಕಾರ್ಡ್ ಕೇಳಿ ನೋಡು. ಅಲ್ಲಿಂದ ಶುರು ಮಾಡಿ ಒಂದು ಚೂರು ತಿಳಿ ಮಾಡು. ಸಣ್ಣ ಮಾದರಿಗೆ ಅದೇ ಬಣ್ಣ ನೇರ ಬಳಿದರೆ ಕಪ್ಪಾಗಿ ಕಾಣುತ್ತೆ. ಮ್ಯೂಸಿಯಂನಲ್ಲಿ ನಿಂತಿರೋ ಟ್ಯಾಂಕ್ ನೋಡಿ ಬಣ್ಣ ನಿರ್ಧಾರ ಮಾಡಬೇಡ. ಅವುಗಳಿಗೆ ಬಿಸಿಲು ಮಳೆಗೆ ಅಂತ ಆಗಾಗ ಹೊಸದಾಗಿ ಬಳಿದಿರ್ತಾರೆ, ಮಿರಮಿರ ಮಿಂಚ್ತಿರುತ್ತೆ. ಮ್ಯೂಸಿಯಂನಿಂದ ಆಕಾರ ತಗೋ, ಬಣ್ಣ ಬೇಡ.

ಬಸವನಗುಡಿ 35:
ಇಷ್ಟು ಓದಿದಮೇಲೆ ಒಂದು ತೀರ್ಮಾನಕ್ಕೆ ಬಂದೆ. ಮುಂದಿನ ತಿಂಗಳ ಪ್ರಿಂಟ್ ನಿಲ್ಲಿಸ್ತಿದ್ದೇನೆ. ಫೋಟೋ ನಂಬಿಕೊಂಡು ಎಂಟು ತಿಂಗಳು ಕೆಲಸ ಮಾಡಿದೆ, ಒಮ್ಮೆಯೂ ನಿಜವಾದ ಟ್ಯಾಂಕ್ ಮುಂದೆ ನಿಲ್ಲಲಿಲ್ಲ. ಅಹ್ಮದ್‌ನಗರದ, ಅಂದ್ರೆ ಈಗಿನ ಅಹಿಲ್ಯಾನಗರದ ಟ್ಯಾಂಕ್ ಮ್ಯೂಸಿಯಂಗೆ ಹೋಗ್ತೇನೆ. ಅಲ್ಲಿ ವಿಜಯಂತ ಇದೆ. ಕರ್ನಾಟಕ ಎಕ್ಸ್‌ಪ್ರೆಸ್ ಅದೇ ದಾರಿಯಲ್ಲಿ ಹೋಗೋದು, ಸಂಜೆ ಹತ್ತಿದರೆ ಮರುದಿನ ಅಲ್ಲಿರ್ತೇವೆ. ಯಾರಾದರೂ ಜೊತೆಗೆ ಬರ್ತೀರಾ?

ಮಲ್ಲೇಶ್ವರಂ ಬ್ರಷ್:
ನಾನು ಬರ್ತೇನೆ. ಟೇಪ್ ಹಿಡಿಯೋಕೆ ಇನ್ನೊಂದು ಕೈ ಬೇಕಲ್ಲ. ಮೊದಲು ಅನುಮತಿ ಕೇಳಬೇಕು, ಕೇಳದೆ ಯಾವುದರ ಮೇಲೂ ಹತ್ತಬಾರದು. ಅಳೆಯೋಕೆ ಬಿಡದಿದ್ದರೂ ಹೋಗಿದ್ದು ದಂಡ ಆಗಲ್ಲ. ಒಂದು ಮೀಟರ್ ಉದ್ದದ ಪಟ್ಟಿಗೆ ಕಪ್ಪು ಬಿಳುಪು ಗುರುತು ಹಾಕಿ ಟ್ಯಾಂಕ್ ಪಕ್ಕ ನಿಲ್ಲಿಸಿ ಫೋಟೋ ತೆಗೆಯೋಣ. ಮೊಬೈಲ್ ಹಿಡಿದು ಹತ್ತಿರ ಹೋಗಿ ತೆಗೆದರೆ ಮೂಗು ಉಬ್ಬಿ ಹಿಂಭಾಗ ಸಣ್ಣಗೆ ಬರುತ್ತೆ. ಆಗುವಷ್ಟು ದೂರ ಹೋಗಿ ಜೂಮ್ ಲೆನ್ಸ್‌ನಲ್ಲಿ ತೆಗೆಯಬೇಕು. ಆಗ ಬದಿ ಚಿತ್ರ ಡ್ರಾಯಿಂಗ್ ಹಾಗೇ ಬರುತ್ತೆ.

ರನ್ನರ್ ಕತ್ತರಿ:
ನನ್ನ 70-300 ಲೆನ್ಸ್ ತಗೊಂಡು ಹೋಗಿ. ರಜೆ ಸಿಕ್ಕಿದರೆ ನಾನೂ ಬರ್ತೀನಿ.

ಹೊಸ ಅಂಟು:
ಪಟ್ಟಿ ನಾನು ಮಾಡಿ ಕೊಡ್ತೇನೆ ಸರ್. ನಮ್ಮ ಮನೆ ಕೆಳಗೇ ಬಡಗಿ ಅಂಗಡಿ ಇದೆ.

ಇಎಂಇ ಮಗಳು:
ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ, ಎದ್ದು ಹೋದರು. ಆಮೇಲೆ ನೋಡಿದರೆ ಅಟ್ಟದಿಂದ ಹಳೇ ಟ್ರಂಕ್ ಇಳಿಸ್ಕೊಂಡು ಕೂತಿದ್ದಾರೆ. ಒಳಗೆ ಅವರ ಸ್ಟೀಲ್ ಟೇಪ್ ಇತ್ತು, ಒರೆಸಿ ಎಣ್ಣೆ ಹಾಕ್ತಿದ್ದಾರೆ. ಟಿಕೆಟ್ ಬುಕ್ ಮಾಡುವಾಗ ಎರಡು ಸೇರಿಸಿಕೊಳ್ಳಿ ಅಣ್ಣ. ಅಪ್ಪನಿಗೆ ಲೋವರ್ ಬರ್ತ್ ಬೇಕು, ಮಂಡಿ ನೋವು.